ಪಲ್ಲವಿ ಹಿಡಿದ ಮೇಲೆ

ಕಿಟಕಿಯ ಬಿಸಿಲಿನಲ್ಲಿ ನೀವು ಮರೆತ ಸಣ್ಣ ಸ್ಪೀಕರನ್ನು ಎತ್ತಿಡಲು ಹೋದೆ. ಕಾದ ಧೂಳಿನ ವಾಸನೆ ಬಂತು. ಮೊಮ್ಮಕ್ಕಳೇ, ಆ ವಾಸನೆ ನನಗೆ ಗೊತ್ತು. ಖಾನಾಪುರದ ಹತ್ತಿರದ ನಮ್ಮ ಹಳ್ಳಿಯಲ್ಲಿ, ನಡುಮನೆಯ ಗೂಡಿನೊಳಗಿದ್ದ ದೊಡ್ಡ ರೇಡಿಯೋ ಕಾಯತೊಡಗಿದಾಗ ಅದರ ಬೆನ್ನಿನಿಂದ ಇದೇ ವಾಸನೆ ಬರುತ್ತಿತ್ತು. ಹಾಡಿಗಿಂತ ಮೊದಲು ವಾಸನೆ. ಅದು ಬಂತೆಂದರೆ ನನ್ನ ಅಪ್ಪನ ಅಕ್ಕ, ನಮ್ಮ ಅತ್ತಿ, ರೊಟ್ಟಿ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಿಗೆ ಆತು ನಿಲ್ಲುತ್ತಿದ್ದಳು. ಉದ್ಯಮಬಾಗದ ಎರಕದ ಕಾರ್ಖಾನೆಯಲ್ಲಿದ್ದ ಕಾಕಾ, ಅಪ್ಪನ ತಮ್ಮ, ಸೂಟಿ ಸಿಕ್ಕು ಊರಿಗೆ ಬಂದಿದ್ದರೆ ರೇಡಿಯೋದ ಬಾಜೂಕೇ ಅವನ ಜಾಗ. ಪೇಟೆಯ ಹೊಸ ಸಿನಿಮಾ ಹಾಡುಗಳೆಲ್ಲ ಅವನ ಬಾಯಲ್ಲೇ ನಮ್ಮೂರಿಗೆ ಬರುತ್ತಿದ್ದವು.

ನನ್ನ ಅಜ್ಜ ಊರಿನ ಭಜನಾ ಮೇಳದ ಹಿರಿಯ. ಎರಡು ಮೇಳ ಎದುರುಬದುರು ಕೂತು ಹಾಡುವಾಗ ಅವರಲ್ಲಿ ಒಂದು ಕಟ್ಟಳೆಯಿತ್ತು. ಎದುರಿನವರು ಪಲ್ಲವಿ ಹೇಳಿ ನಿಲ್ಲುತ್ತಾರೆ. ನಾವು ಅದನ್ನು ಹಿಡಿದು ಹಾಡಬೇಕು. ಆಮೇಲೆ ಮಾತ್ರ ನಮ್ಮ ಉತ್ತರದ ಪದ. ಅಜ್ಜ ಇದನ್ನು ಮನೆಯೊಳಗೂ ತಂದಿದ್ದ. ಯಾವ ಹಾಡನ್ನಾದರೂ ಬೈಯಬೇಕೆಂದರೆ ಮೊದಲು ಅದರ ಪಲ್ಲವಿ ಹಾಡಿ ತೋರಿಸಬೇಕು. ಒಮ್ಮೆ ಕಾಕಾ ತಂದ ಹೊಸ ಪ್ರೇಮದ ಹಾಡು ರೇಡಿಯೋದಲ್ಲಿ ಬಂದಾಗ ಅಜ್ಜನೇ ಸಿಕ್ಕಿಬಿದ್ದ. “ಇದೇನ ಹಾಡೋ, ಡಬ್ಬಿಯೊಳಗ ಹರಳ ಹಾಕಿ ಅಲಗಾಡಿಸಿದಂಗ!” ಎಂದುಬಿಟ್ಟ.

“ಕಟ್ಟಳಿ ಯಾರದಪ್ಪಾ?” ಎಂದ ಕಾಕಾ. “ಮೊದಲ ಹಾಡು, ಆಮ್ಯಾಲೆ ಬೈ.”

ಅಜ್ಜ ರುಮಾಲು ಸರಿಮಾಡಿಕೊಂಡ, ಕಣ್ಣು ಮುಚ್ಚಿದ, ಶಿವನಾಮ ಹೇಳುವ ಧಾಟಿಯಲ್ಲಿ ಆ ಹಾಡಿನ ಹುಡುಗಿಯ ಮುಂಗುರುಳನ್ನು ಎಳೆದೆಳೆದು ಹಾಡಿದ. ಅತ್ತಿ ನಕ್ಕು ನಕ್ಕು ಹೊಸ್ತಿಲ ಮೇಲೆ ಕೂತೇಬಿಟ್ಟಳು. “ಅಪ್ಪಾ, ಆ ಹುಡುಗಿ ಇದನ್ನ ಕೇಳಿದ್ರ ಮಠಾ ಸೇರ್ತಾಳ ನೋಡು!” ಅಜ್ಜ ನಗಲಿಲ್ಲ. ಪಲ್ಲವಿಯ ರಾಗವನ್ನಷ್ಟೇ ಇನ್ನೊಮ್ಮೆ ಗುನುಗಿಕೊಂಡು, “ಚಾಲ ಛಲೋ ಐತಿ. ಮಾತ ಸಪ್ಪಗ,” ಎಂದ. ನನಗಂತೂ ಆ ಹಾಡಿನಂಥ ಹಾಡು ಲೋಕದಲ್ಲೇ ಇಲ್ಲ ಅನ್ನಿಸಿತ್ತು. ಆದರೆ ನಾಲ್ಕು ಜನರ ಮುಂದೆ ಬಾಯಿ ತೆರೆಯಲು ನಾಚಿಕೆ. ಹಾಡದವಳಿಗೆ ಅಭಿಪ್ರಾಯವೆಲ್ಲಿ?

ಆ ನಡುಮನೆಯಲ್ಲಿ ಕೂತವರ ಪೈಕಿ ಈಗ ಉಳಿದವಳು ನಾನೊಬ್ಬಳೇ. ಹಿಂದವಾಡಿಯ ಈ ಮನೆಯಲ್ಲಿ ನಿಮ್ಮ ಅಜ್ಜನೂ ಇಲ್ಲ. ನೀವೆಲ್ಲ ಹೊರಗೆ ಹೋದ ಮೇಲೆ ಮಧ್ಯಾಹ್ನ ಬಹಳ ಉದ್ದ. ಸಾನ್ವಿ, ಮೊನ್ನೆ ನೀನು ಒಂದು ಹೊಸ ಹಾಡು ಹಾಕಿ, “ಖರೇ ಹೇಳಜ್ಜಿ, ಹೆಂಗೈತಿ?” ಎಂದೆ. ನನಗೆ ಇನ್ನೂ ಪಲ್ಲವಿ ಬರುತ್ತಿರಲಿಲ್ಲ, ಸುಮ್ಮನಾದೆ. “ಹೋಗ್ಲಿ ಬಿಡು, ನಿಂಗ ಹಳೇವ ಬೇಕು,” ಎಂದು ನೀನು ಇಯರ್‌ಫೋನ್ ಸಿಕ್ಕಿಸಿಕೊಂಡೆ. ಅಂದಿನಿಂದ ಈ ಸ್ಪೀಕರ್ ಕಿಟಕಿಯಲ್ಲೇ ಇದೆ. ನೀನು ಇನ್ನೊಮ್ಮೆ ನನ್ನನ್ನು ಕೇಳದೇ ಹೋದರೆ ಎಂದು ನನಗೆ ದಿಗಿಲು.

ನಿನ್ನ ಅಪ್ಪನಿಗೆ ಹೇಳಿ ನಿನ್ನ ಹಾಡನ್ನೂ ಕಾಕಾನ ಆ ಹಾಡನ್ನೂ ನನ್ನ ಫೋನಿಗೆ ಹಾಕಿಸಿಕೊಂಡೆ. ಮೊದಲು ಕಾಕಾನದು ಕೇಳಿದೆ. ಮಾತಷ್ಟೇ ಅಲ್ಲ, ಚಾಲವೂ ಸಾಧಾರಣವೇ. ಇಷ್ಟು ವರ್ಷ ನಾನು ಎದೆಯಲ್ಲಿಟ್ಟುಕೊಂಡದ್ದು ಇದಾಗಿರಲಿಲ್ಲ. ಅದರಲ್ಲಿ ಅತ್ತಿಯ ನಗು ಇತ್ತು, ಅಜ್ಜನ ಎಳೆದ ದನಿ ಇತ್ತು. ಫೋನಿನಲ್ಲಿ ಅವರಿರಲಿಲ್ಲ. ಹಳೆಯದೆಂದು ಅದಕ್ಕೆ ನಾನು ಕೊಟ್ಟ ಸಲಿಗೆಯನ್ನು ನಿನ್ನ ಹಾಡಿಗೆ ಕೊಡದಿದ್ದರೆ ನನ್ನ ಅಜ್ಜ ಮೆಚ್ಚುತ್ತಿರಲಿಲ್ಲ. ಪಲ್ಲವಿ ಬಾಯಿಗೆ ಬರುವವರೆಗೆ ಅದನ್ನೂ ಕೇಳಿದೆ.

ನಿನ್ನ ಹಾಡಿನ ಮಾತು ಛಲೋ ಐತಿ, ಸಾನ್ವಿ. ನಡುವಿನ ಗದ್ದಲ ನನಗೆ ಸೇರಲಿಲ್ಲ. ಇದನ್ನು ಹೇಳುವ ಹಕ್ಕು ಈಗ ನನಗಿದೆ. ಇವತ್ತು ಮಧ್ಯಾಹ್ನ, ಅಡುಗೆಮನೆಯ ಬಾಗಿಲು ಹಾಕಿಕೊಂಡು, ಬಾಳಿನಲ್ಲಿ ಮೊದಲ ಸಲ ಗಟ್ಟಿಯಾಗಿ ಹಾಡಿದೆ, ನಿನ್ನ ಹಾಡನ್ನೇ. ಪಲ್ಲವಿ ಮುಗಿಸಿ, ಮೇಳದ ರೂಢಿಯಂತೆ ನಿಂತೆ. ಎದುರಿನವರು ಹಿಡಿಯಬೇಕಾದ ಜಾಗ ಅದು. ಬಹಳ ಹೊತ್ತು ನಿಂತೇ ಇದ್ದೆ, ಯಾರೂ ಹಿಡಿಯಲಿಲ್ಲ. ಸಂಜೆ ನೀನು ಬಂದಾಗ ಅಲ್ಲಿಂದಲೇ ಹಿಡಿ.