ಕಾರಿನ ಜಡ್ಡು

ನಮ್ಮ ಬಾವಿಯ ನೀರು ಸವಳು. ಅದನ್ನೇ ಕುಡಿಸಿ ಕುಡಿಸಿ ಕಾರಿನ ರೇಡಿಯೇಟರಿನಲ್ಲಿ ಉಪ್ಪು ಕಟ್ಟಿತ್ತು. ಕೆಲಸಕ್ಕೆಂದು ತಿಕೋಟಾಕ್ಕೆ ಹೊರಟರೆ ಅರ್ಧ ದಾರಿಯಲ್ಲೇ ಕುದಿಯುತ್ತಿತ್ತು. ಯುದ್ಧದ ಕಾಲ, ಹೊಸದು ಸಿಗುವ ಮಾತೇ ಇಲ್ಲ. ಒಂದು ರವಿವಾರ ಅಂಗಳದಲ್ಲಿ ಕೂತು, ಕೆಳಗಿನ ತಿರುಪು ಬಿಚ್ಚಿ ಕೆಂಪು ನೀರೆಲ್ಲ ಹರಿಸಿಬಿಟ್ಟೆ. ತುಂಬಲು ಸಿಹಿನೀರು ಬೇಕು. ಅದಿದ್ದದ್ದು ಪಕ್ಕದ ಮನೆಯ ಗಂಗವ್ವನ ಬಾವಿಯಲ್ಲಿ. ಕುಡಿಯಲಿಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಆಕೆ ಅದನ್ನು ಕೊಡುತ್ತಿರಲಿಲ್ಲ.

"ಎರಡು ಕೊಡ ಬೇಕಾಗಿತ್ತ, ಗಂಗವ್ವ. ಸವಳು ನೀರು ಹೊಟ್ಟಿಗೆ ಒಗ್ಗವಲ್ದು," ಎಂದೆ. ಯಾರ ಹೊಟ್ಟೆಗೆ ಎಂದು ಹೇಳಲಿಲ್ಲ.

"ಒಯ್ರಿ ಅಕ್ಕಾರ. ಜಡ್ಡಿನ ಮನಿಗೆ ನೀರು ಇಲ್ಲ ಅಂತಾರೇನ್ರಿ?"

ಎರಡನೆಯ ಕೊಡವನ್ನು ಕಾರಿಗೆ ಸುರಿಯುತ್ತಿದ್ದಾಗ ಗಂಗವ್ವ ಸೆರಗಿನಲ್ಲಿ ಬಿಸಿ ಪಾತ್ರೆ ಹಿಡಿದು ಅಂಗಳದೊಳಗೆ ಬಂದಳು. ನನ್ನನ್ನೂ ಕಾರನ್ನೂ ನೋಡಿದಳು.

"ಇದಕ್ಕೇನ್ರಿ ಜಡ್ಡು?"

"ಹೌದು," ಎಂದೆ, ನೆಲ ನೋಡುತ್ತ.

ಬೈದಿದ್ದರೆ ಚೆನ್ನಾಗಿತ್ತು. ಆಕೆ ಪಾತ್ರೆಯನ್ನು ಕಟ್ಟೆಯ ಮೇಲಿಟ್ಟು, "ಗಂಜಿ ತಂದೇನಿ ಅಕ್ಕಾರ. ಇದಕ್ಕ ಹಾಕಬ್ಯಾಡ್ರಿ ಮತ್ತ, ಉಪ್ಪು ಹಾಕೇನಿ," ಎಂದು ಹೊರಟುಹೋದಳು.

ಗಂಜಿ ನಾನೇ ಕುಡಿದೆ. ಮರುದಿನ ತಿಕೋಟಾದವರೆಗೂ ಕಾರು ತಣ್ಣಗಿತ್ತು. ಬಿಸಿಯಾಗಿದ್ದದ್ದು ನನ್ನ ಮುಖವೊಂದೇ.