ಕೊನೆಯ ಟ್ಯಾಪೆಟ್

ಗುಬ್ಬಿಯಲ್ಲಿ ಇಂಜಿನ್ ಸದ್ದು ಕಿವಿಗೆ ಬಿದ್ದ ಪ್ರತಿಯೊಬ್ಬ ಗಂಡಸೂ ಮೆಕ್ಯಾನಿಕ್ಕೇ. ಭಾನುವಾರ ಬೆಳಿಗ್ಗೆ ನಾನು ಅಣ್ಣನ ಮನೆಯ ಹಿತ್ತಲಿನ ಶೆಡ್ಡಿನಲ್ಲಿ ಕಾರು ಸ್ಟಾರ್ಟ್ ಮಾಡಿದರೆ ಸಾಕು, ಕಾಂಪೌಂಡಿನ ಮೇಲೆ ಒಂದು ತಲೆ ಏಳುತ್ತಿತ್ತು.

“ಅಕ್ಕಾ, ಟ್ಯಾಪೆಟ್ ಲೂಸಾಗೈತೆ ಕಣಕ್ಕ. ಚೂರು ಟೈಟ್ ಮಾಡುದ್ರೆ ಸರಿಹೋಗುತ್ತೆ.”

“ಗೊತ್ತು ಕಣಪ್ಪ. ನೀನು ಹೋಗಿ ನಿನ್ನ ಸ್ಕೂಟರ್ ನೋಡ್ಕೋ” ಎಂದು ಸಿಡುಕಿ ಕಳಿಸುತ್ತಿದ್ದೆ. ಆ ಟಕ್ ಟಕ್ ಎಲ್ಲಿಂದ ಬರುತ್ತಿದೆ, ಯಾಕೆ ಬರುತ್ತಿದೆ ಎಂಬುದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಅದು ನನ್ನ ಅಣ್ಣನ ಕೈ ನಿಂತ ಜಾಗ.

ಕಾರು ಅಮೆರಿಕದ್ದು, ಐವತ್ತರ ದಶಕದ್ದು, ಆರು ಸಿಲಿಂಡರಿನದು. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಕಡೆ ಮುಚ್ಚಿಹೋದ ಒಂದು ಅಕ್ಕಿ ಗಿರಣಿಯ ಹಿಂದೆ ನಿಂತಿತ್ತು. ಹಿಂದಿನ ಸೀಟಿನಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ಯಾವುದೋ ಮದುವೆಗೆಂದು ಆ ಕಡೆ ಹೋದ ಅಣ್ಣ, ಊಟದ ಪಂಕ್ತಿಯನ್ನೂ ಬಿಟ್ಟು ಅದರ ಸುತ್ತ ತಿರುಗಿ ಬಂದಿದ್ದ. ಅವನದು ಕೊಬ್ಬರಿ ವ್ಯಾಪಾರ. ಕಾರಿಗೂ ಅವನಿಗೂ ಏನೂ ಸಂಬಂಧವಿರಲಿಲ್ಲ. ಲಾರಿಯಲ್ಲಿ ತಂದು ಕೊಬ್ಬರಿ ಶೆಡ್ಡಿನಲ್ಲಿ ಇಳಿಸಿದಾಗ ಅತ್ತಿಗೆ ಹಿತ್ತಲ ಬಾಗಿಲಲ್ಲಿ ನಿಂತು, “ಇದಕ್ಕೆ ಹುಲ್ಲು ಹಾಕ್ಬೇಕೋ, ಹಿಂಡಿ ಹಾಕ್ಬೇಕೋ?” ಎಂದು ಕೇಳಿದ್ದರು.

ನಾನು ತುಮಕೂರಿನ ಸದಾಶಿವನಗರದಲ್ಲಿ ಸಂಸಾರ ಮಾಡಿಕೊಂಡು ಕಚೇರಿಯಲ್ಲಿ ಫೈಲು ತಿರುವುವ ಹೆಂಗಸು. ಆದರೆ ಚಿಕ್ಕಂದಿನಿಂದ ಅಣ್ಣ ಏನು ಬಿಚ್ಚಿದರೂ ಪಕ್ಕದಲ್ಲಿ ಸ್ಪ್ಯಾನರ್ ಹಿಡಿದು ಕೂತವಳು ನಾನೇ. ಹಾಗಾಗಿ ಭಾನುವಾರ ಬಂತೆಂದರೆ ಸ್ಕೂಟರ್ ಏರಿ ಗುಬ್ಬಿಗೆ ಹೊರಟುಬಿಡುತ್ತಿದ್ದೆ. ಸಂಜೆ ಉಗುರಿನ ಸಂದಿಯಲ್ಲಿ ಗ್ರೀಸು ತುಂಬಿಕೊಂಡು ವಾಪಸು ಬಂದರೆ ನನ್ನ ಗಂಡ, “ಇವತ್ತು ಪಲ್ಯಕ್ಕೆ ಒಗ್ಗರಣೆ ಬೇಡ ಬಿಡು” ಅನ್ನುತ್ತಿದ್ದರು.

ಕಾರಿನ ಯಾವ ಮೂಲೆ ತಟ್ಟಿದರೂ ಅಕ್ಕಿ ತೌಡು ಉದುರುತ್ತಿತ್ತು. ತುಕ್ಕು ಉಜ್ಜಿ ಉಜ್ಜಿ ನಮ್ಮ ಭುಜ ಬಿದ್ದುಹೋಯಿತು. ಕೆಲವು ಸಾಮಾನು ಬೆಂಗಳೂರಿನ ಗುಜರಿಯಲ್ಲಿ ಸಿಕ್ಕಿತು, ಕೆಲವನ್ನು ಹೊರದೇಶದಿಂದ ತರಿಸಿದೆವು, ಸಿಗದೇ ಇದ್ದದ್ದನ್ನು ಲೇತಿನಲ್ಲಿ ಮಾಡಿಸಿದೆವು. ಅಣ್ಣನಿಗೆ ಒಂದು ಅಭ್ಯಾಸ. ಸ್ಪ್ಯಾನರಿನ ಡಬ್ಬದಲ್ಲೇ ಒಂದು ವಿಭೂತಿ ಗಟ್ಟಿ ಇಟ್ಟುಕೊಂಡಿರುತ್ತಿದ್ದ. ಯಾವ ಭಾಗದ ಕೆಲಸ ಮುಗಿದರೂ ಅದರ ಮೇಲೆ ಬೆರಳಿನಲ್ಲಿ ಒಂದು ಬೊಟ್ಟು. ಎಲ್ಲಿಂದ ಉಕ್ಕಿತೋ ಈ ಭಕ್ತಿ ಎಂದು ನಾನು ನಕ್ಕರೆ, “ಭಕ್ತಿ ಅಲ್ಲ ಕಣೇ, ಯಾವ್ದು ಆಗೈತೆ ಯಾವ್ದು ಆಗಿಲ್ಲ ಅಂತ ನಂಗೇ ಗೊತ್ತಾಗ್ಬೇಕಲ್ಲ” ಅನ್ನುತ್ತಿದ್ದ.

ಆ ಬೇಸಿಗೆ ಎಲ್ಲರಿಗೂ ನೆನಪಿದೆ. ಎರಡನೇ ಅಲೆ ಎಂದರೆ ಸಾಕು, ಹೆಚ್ಚು ಹೇಳಬೇಕಾಗಿಲ್ಲ. ಅಣ್ಣ ಕೊನೆಯದಾಗಿ ಕೆಲಸ ಮಾಡಿದ ಭಾನುವಾರ ಟ್ಯಾಪೆಟ್ ಕೂರಿಸುತ್ತಿದ್ದ. ಇಂಜಿನ್ನಿನ ನೆತ್ತಿಯ ಮೇಲೆ ಸಾಲಾಗಿ ಪುಟ್ಟ ಪುಟ್ಟ ಕಬ್ಬಿಣದ ತೋಳುಗಳಿರುತ್ತವೆ. ಒಂದೊಂದೂ ಒಂದೊಂದು ವಾಲ್ವನ್ನು ಒತ್ತುತ್ತದೆ. ತೋಳಿಗೂ ವಾಲ್ವಿಗೂ ನಡುವೆ ಕೂದಲೆಳೆಯಷ್ಟು ಸಂದು ಇರಬೇಕು. ಫೀಲರ್ ಗೇಜ್ ಎನ್ನುವ ತೆಳ್ಳನೆಯ ಉಕ್ಕಿನ ಪಟ್ಟಿ ತೂರಿಸಿ ಅಳೆದು, ಸ್ಕ್ರೂ ತಿರುಗಿಸಿ ಸರಿಪಡಿಸಬೇಕು. ಟ್ಯಾಪೆಟ್ ಕೂರಿಸುವುದು ಅಂದರೆ ಅದೇ. ಸಂದು ಜಾಸ್ತಿಯಾದರೆ ತೋಳು ಬಡಿಯುತ್ತದೆ. ಅಣ್ಣ ಒಂದೊಂದಾಗಿ ಮುಗಿಸುತ್ತಾ ಬಂದ. ಬೆವರು ಸುರಿಯುವ ಸೆಕೆಯಲ್ಲೂ ಹೆಗಲ ಮೇಲಿನ ಟವೆಲ್ಲನ್ನು ಮೈಗೆ ಸುತ್ತಿಕೊಂಡ.

“ಒಂದು ಉಳ್ಕೊಂಡೈತೆ. ಯಾಕೋ ಚಳಿ ಆಯ್ತದೆ. ಮುಂದಿನ್ ವಾರ ಮಾಡಣ ಬುಡು” ಎಂದು ಕವರ್ ಮುಚ್ಚಿ ಒಳಗೆ ಹೋದ.

ಮುಂದಿನ ವಾರ ಅವನಿರಲಿಲ್ಲ. ತುಮಕೂರಿನ ಆಸ್ಪತ್ರೆಗೆ ಸೇರಿಸಿದಾಗ ಬಾಗಿಲ ತನಕವೂ ಯಾರನ್ನೂ ಬಿಡಲಿಲ್ಲ. ಅತ್ತಿಗೆಗೂ ಜ್ವರ, ಗುಬ್ಬಿಯ ಮನೆಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಿದ್ದರು. ಸುದ್ದಿಯನ್ನು ನಾನೇ ಫೋನಿನಲ್ಲಿ ಹೇಳಬೇಕಾಯಿತು. ನಮ್ಮಲ್ಲಿ ಸತ್ತವರನ್ನು ಕೂರಿಸಿ, ಹಣೆಗೆ ವಿಭೂತಿ ಬಳಿದು, ಹೂವು ಹಾಕಿ, ಊರವರೆಲ್ಲ ಸುತ್ತ ಕೂತು ಅತ್ತು ಹಾಡಿ ಕಳಿಸಿಕೊಡುತ್ತಾರೆ. ಅಣ್ಣನನ್ನು ಮುಖ ಕಾಣದ ಯಾರೋ ನಾಲ್ವರು ಪ್ಲಾಸ್ಟಿಕ್ ಚೀಲದಲ್ಲೇ ಗುಂಡಿಗೆ ಇಳಿಸಿ ಬಂದರು. ಅತ್ತಿಗೆ ಅಳಲಿಲ್ಲ. ಆಮೇಲೂ ಅಳಲಿಲ್ಲ. ಯಾರಾದರೂ ಸಮಾಧಾನ ಹೇಳಲು ಬಂದರೆ, “ನಾನು ನೋಡೇ ಇಲ್ವಲ್ಲ” ಅನ್ನುತ್ತಿದ್ದರು, ಅಷ್ಟೇ. ಅವರು ಹೇಳುವ ರೀತಿ ನೋಡಿದರೆ ಅಣ್ಣ ಸತ್ತದ್ದು ನಿಜವೋ ಎಂದು ಬಂದವರಿಗೇ ಅನುಮಾನ ಬರಬೇಕು.

ವರ್ಷ ಕಳೆದ ಮೇಲೆ ಶೆಡ್ಡಿನ ಬೀಗ ತೆಗೆಸಿದೆ. ಮಿಕ್ಕ ಕೆಲಸ ನಾನೇ ಮಾಡುತ್ತೇನೆ ಎಂದು ಹಟ ಹಿಡಿದಿದ್ದೆ. ವೈರಿಂಗ್ ಮುಗಿಸಿದೆ, ಕಾರ್ಬುರೇಟರ್ ತೊಳೆದೆ. ಸ್ಟಾರ್ಟ್ ಮಾಡುವ ಮುನ್ನ ಟ್ಯಾಪೆಟ್ ಕವರ್ ಎತ್ತಿ ನೋಡಿದೆ. ತೋಳುಗಳ ಮೇಲೆ ಸಾಲಾಗಿ ವಿಭೂತಿಯ ಬೊಟ್ಟು. ಕೊನೆಯದು ಬೋಳು. ಗೇಜ್ ನನ್ನ ಕೈಯಲ್ಲೇ ಇತ್ತು. ಹತ್ತು ನಿಮಿಷದ ಕೆಲಸ. ಅದನ್ನು ಮುಟ್ಟಿದರೆ ಅವನ ಕೆಲಸ ಮುಗಿದುಹೋಗುತ್ತದೆ ಅನಿಸಿತು. ನನ್ನಿಂದ ಆಗಲಿಲ್ಲ. ಹಾಗೇ ಮುಚ್ಚಿಬಿಟ್ಟೆ.

ಇಂಜಿನ್ ಹೊಗೆಯುಗುಳಿ, ಕೆಮ್ಮಿ, ಆಮೇಲೆ ಹಿಡಿಯಿತು. ಅದರ ಗುಡುಗಿನ ನಡುವೆ ಬೇರೆಯಾಗಿ ಕೇಳುವ ಹಾಗೆ ಟಕ್, ಟಕ್, ಟಕ್. ಅತ್ತಿಗೆ ಅಡುಗೆಮನೆಯಿಂದ ಒದ್ದೆ ಕೈಯಲ್ಲೇ ಓಡಿ ಬಂದರು. ಬಾನೆಟ್ಟಿನ ಹತ್ತಿರ ಕಿವಿಯಿಟ್ಟು ಬಹಳ ಹೊತ್ತು ಕೇಳಿಸಿಕೊಂಡರು.

“ಬಡೀತಾವ್ರೆ” ಎಂದರು.

“ಇಲ್ಲ ಅತ್ತಿಗೆ, ಅಣ್ಣ ಒಂದು ಟ್ಯಾಪೆಟ್ ಉಳಿಸಿ ಹೋಗಿದ್ದನಲ್ಲ, ಅದು.”

“ಅದೇ ನಾನು ಹೇಳ್ತಿರೋದು.”

ಅಲ್ಲಿಂದ ಭಾನುವಾರಗಳು ಬೇರೆಯೇ ಆದವು. ಅತ್ತಿಗೆ ಬೆಳಿಗ್ಗೆಯೇ ಕಾರಿನ ಪಕ್ಕ ಒಂದು ಕುರ್ಚಿ ಹಾಕಿಕೊಂಡು ಕಾಯುತ್ತಿರುತ್ತಿದ್ದರು. ಮಡ್‌ಗಾರ್ಡ್ ಮೇಲೆ ಒಂದು ಲೋಟ ಕಾಫಿ. ಅಣ್ಣ ಯಾವಾಗಲೂ ಅಲ್ಲೇ ಇಟ್ಟುಕೊಂಡು ಕುಡಿಯುತ್ತಿದ್ದ. ನಾನು ಇಂಜಿನ್ ಚಾಲೂ ಮಾಡಿದರೆ ಲೋಟದ ಕಾಫಿ ಆ ಹೊಡೆತಕ್ಕೆ ಸಣ್ಣಗೆ ನಡುಗುತ್ತಿತ್ತು. ಅತ್ತಿಗೆ ಅದನ್ನೇ ನೋಡುತ್ತಾ ಕೂತಿರುತ್ತಿದ್ದರು. ಪೆಟ್ರೋಲ್ ಸುಡುವುದೊಂದೇ ನಮ್ಮ ಕೆಲಸವಾಯಿತು. ಬಣ್ಣ ಹೊಡೆಯುವುದು ಬಾಕಿ, ಬಾಗಿಲ ರಬ್ಬರ್ ಬೀಡಿಂಗ್ ಬಾಕಿ. ಯಾವುದಕ್ಕೂ ಇಬ್ಬರಿಗೂ ಮನಸ್ಸಿಲ್ಲ.

ದೆವ್ವ ಗಿವ್ವ ಅಂದರೆ ನಾನು ಬೈದು ಕಳಿಸುವವಳು. ಅಂಥವಳಿಗೂ ಕಚೇರಿಯ ಫ್ಯಾನಿನಲ್ಲಿ ಅದೇ ಸದ್ದು ಕೇಳತೊಡಗಿತು. ಮನೆಯಲ್ಲಿ ಮಿಕ್ಸಿ ಆಫ್ ಮಾಡಿ ನಿಂತು ಕೇಳುತ್ತಿದ್ದೆ. ಗುಬ್ಬಿಯಿಂದ ಅತ್ತಿಗೆ ವಾರದ ಮಧ್ಯೆ ಫೋನ್ ಮಾಡಿ, “ಶೆಡ್ ಬೀಗ ಹಾಕಿದೀಯಾ? ಈಗಲೂ ಬಡೀತಿದೆ ಕಣೇ” ಅನ್ನುತ್ತಿದ್ದರು. ಬ್ಯಾಟರಿ ವೈರನ್ನು ನಾನೇ ಬಿಚ್ಚಿಟ್ಟು ಬಂದಿರುತ್ತಿದ್ದೆ. ಒಂದು ಭಾನುವಾರ ಇಂಜಿನ್ ಆಫ್ ಮಾಡಿದ ಮೇಲೂ ಒಳಗಿಂದ ಟಕ್ ಎಂದಿತು. ಸ್ವಲ್ಪ ತಡೆದು ಮತ್ತೊಂದು. ಕಾದ ಕಬ್ಬಿಣ ಆರುವಾಗ ಹಾಗೆ ಸದ್ದು ಮಾಡುತ್ತದೆ. ಅತ್ತಿಗೆಗೆ ಹಾಗೆಂದು ಹೇಳಿದೆ. ಹೇಳಿದವಳೇ ಶೆಡ್ಡಿನಿಂದ ಹೊರಗೆ ಬಂದು ನಿಂತುಬಿಟ್ಟೆ.

ದೀಪಾವಳಿ ಕಳೆಯುವ ಹೊತ್ತಿಗೆ ಹೊಡೆತ ಜೋರಾಯಿತು. ಟಕ್ ಎನ್ನುತ್ತಿದ್ದದ್ದು ಈಗ ಸುತ್ತಿಗೆಯಲ್ಲಿ ಬಡಿದ ಹಾಗೆ. ಲೋಹ ಲೋಹವನ್ನು ತಿನ್ನುತ್ತಿದೆ ಎಂಬುದು ಕಿವಿಗೇ ತಿಳಿಯುತ್ತಿತ್ತು. ಇನ್ನು ಸುಮ್ಮನಿರಲು ಆಗದೆ ಅತ್ತಿಗೆಗೆ ಹೇಳಿದೆ.

“ಅತ್ತಿಗೆ, ಇದನ್ನ ಸರಿ ಮಾಡ್ಲೇಬೇಕು.”

“ಮುಟ್ಬೇಡ” ಎಂದರು. “ನಂಗೆ ಉಳಿದಿರೋದು ಇದೊಂದೇ. ಅವ್ರ ಬಟ್ಟೆನೂ ಸುಟ್ಟಾಕಿದ್ರು. ನಿಂಗೆ ಕಾರು ಚೆನ್ನಾಗಿರ್ಬೇಕು, ಅಷ್ಟೇ ಅಲ್ವಾ?”

ಆ ಮಾತು ನನಗೆ ಚುಚ್ಚಿತು. “ಕಾರು ಹಾಳಾಗಿ ಹೋಗ್ಲಿ ಅತ್ತಿಗೆ! ಹೀಗೇ ಬಿಟ್ರೆ ಒಂದಿನ ಆ ತೋಳೇ ಮುರಿದು ಬೀಳುತ್ತೆ. ಆಗ ಈ ಸದ್ದೂ ಇರಲ್ಲ. ನೀವು ಒಳಗೆ ಸಾರಿಗೆ ಉಪ್ಪು ಹಾಕ್ತಿರ್ತೀರ, ಇಲ್ಲಿ ಯಾರೂ ಇಲ್ದಾಗ ನಿಂತೋಗಿರುತ್ತೆ” ಎಂದೆ. ಸಿಟ್ಟಿನಲ್ಲಿ ಅಂದ ಮಾತು.

ಅತ್ತಿಗೆಯ ಮುಖ ಬಿಳಿಚಿಕೊಂಡಿತು. “ಯಾರೂ ಇಲ್ದಾಗ?” ಎಂದರು.

ನಾನು ಏನು ಅಂದುಬಿಟ್ಟೆ ಎಂದು ಹೊಳೆಯುವಷ್ಟರಲ್ಲಿ ಅವರು ಎದ್ದು ಒಳಗೆ ಹೋಗಿದ್ದರು. ಆ ದಿನ ಊಟಕ್ಕೂ ಕರೆಯಲಿಲ್ಲ.

ಮುಂದಿನ ಭಾನುವಾರ ಹೋದಾಗ ಅತ್ತಿಗೆ ತಲೆಗೆ ನೀರು ಹಾಕಿಕೊಂಡು, ಹಣೆ ತುಂಬ ವಿಭೂತಿ ಹಚ್ಚಿಕೊಂಡು ಶೆಡ್ಡಿನಲ್ಲಿ ನಿಂತಿದ್ದರು. ಕುರ್ಚಿ ಇರಲಿಲ್ಲ. “ಸರಿ ಮಾಡು. ಆದ್ರೆ ಇಂಜಿನ್ ನಿಲ್ಲಿಸ್ಬೇಡ. ಓಡ್ತಾ ಇರುವಾಗ್ಲೇ ಮಾಡಕ್ಕಾಗುತ್ತಾ?”

ಆಗುತ್ತದೆ. ಈ ಜಾತಿಯ ಇಂಜಿನ್ನುಗಳು ಬಿಸಿ ಇದ್ದಾಗ, ಓಡುತ್ತಿರುವಾಗಲೇ ಹಳಬರು ಟ್ಯಾಪೆಟ್ ಕೂರಿಸುತ್ತಿದ್ದರಂತೆ, ಅಣ್ಣನೇ ಹೇಳಿದ್ದ.

“ಆಗುತ್ತೆ. ಎಣ್ಣೆ ಸಿಡಿಯುತ್ತೆ, ನೀವು ದೂರ ನಿಂತ್ಕೊಳ್ಳಿ” ಎಂದೆ.

“ದೂರ ನಿಂತಿದ್ದು ಸಾಕು ಕಣೇ. ಈ ಸಲ ಹತ್ರ ಇರ್ತೀನಿ.”

ಇಂಜಿನ್ ಚೆನ್ನಾಗಿ ಕಾದ ಮೇಲೆ ಕವರ್ ಎತ್ತಿದೆ. ಬಿಸಿ ಎಣ್ಣೆ ಮೊಣಕೈ ತನಕ ಹಾರಿತು. ತೋಳುಗಳು ಕುಣಿಯುತ್ತಿದ್ದವು, ಕೊನೆಯದು ಮಾತ್ರ ಬಡಿಯುತ್ತಿತ್ತು. ಅತ್ತಿಗೆ ಇಂಜಿನ್ನಿನ ಮಗ್ಗುಲಲ್ಲೇ ಬಗ್ಗಿ ಎರಡೂ ಅಂಗೈಗಳನ್ನು ಮಡ್‌ಗಾರ್ಡಿಗೆ ಒತ್ತಿ ನಿಂತರು. ನಟ್ ಸಡಿಲಿಸಿ, ಗೇಜ್ ತೂರಿಸಿ, ಸ್ಕ್ರೂ ಒಂದಿಷ್ಟು ತಿರುಗಿಸಿದೆ. ಸದ್ದು ತೆಳ್ಳಗಾಯಿತು.

“ನಿಧಾನ” ಎಂದರು ಅತ್ತಿಗೆ.

ಇನ್ನೊಂದಿಷ್ಟು ತಿರುಗಿಸಿದೆ. ಈಗ ಹುಡುಕಿ ಕೇಳಬೇಕಾದಷ್ಟು ಸಣ್ಣ ಸದ್ದು. ಅತ್ತಿಗೆಯ ತುಟಿ ಅಲ್ಲಾಡುತ್ತಿತ್ತು. ಅಣ್ಣನಿಗೆ ಏನೋ ಹೇಳುತ್ತಿದ್ದರು, ನನಗೆ ಕೇಳಿಸಲಿಲ್ಲ. ಅವರ ಮಾತು ಮುಗಿಯುವ ತನಕ ನಾನು ಸ್ಕ್ರೂ ಡ್ರೈವರ್ ಹಿಡಿದು ಹಾಗೇ ನಿಂತಿದ್ದೆ. ಅವರು ತಲೆಯಾಡಿಸಿದರು. ಕೊನೆಯ ಬಾರಿ ತಿರುಗಿಸಿದೆ.

ಬಡಿತ ನಿಂತಿತು. ಇಂಜಿನ್ ಮೆತ್ತಗೆ ಓಡುತ್ತಲೇ ಇತ್ತು.

“ಹೋದ್ರು” ಎಂದರು ಅತ್ತಿಗೆ. ಆಮೇಲೆ ನೆಲಕ್ಕೆ ಕುಸಿದು, ಎದೆ ಬಡಿದುಕೊಂಡು, ಅಷ್ಟು ದಿನ ಬಾರದೇ ಇದ್ದ ಅಳುವನ್ನೆಲ್ಲ ಒಟ್ಟಿಗೆ ಅತ್ತರು. ಹೆಣದ ಮುಂದೆ ಅಳುವ ಅಳು ಅದು. ಕೇಳಿದ ಯಾರಿಗೂ ಗುರುತು ಸಿಗದೇ ಇರುವುದಿಲ್ಲ. ಅಕ್ಕಪಕ್ಕದ ಹೆಂಗಸರು ಕೈಲಿದ್ದ ಕೆಲಸ ಬಿಟ್ಟು ಓಡಿ ಬಂದರು. ಎದುರು ಮನೆಯ ಅಜ್ಜಿ ಏದುಸಿರು ಬಿಡುತ್ತಾ, “ಏನಾಯ್ತವ್ವ? ಯಾರು ಹೋದ್ರು?” ಎಂದು ನನ್ನ ತೋಳು ಹಿಡಿದರು.

“ಅಣ್ಣ” ಎಂದೆ.

ಅಜ್ಜಿ ನನ್ನ ಮುಖವನ್ನೊಮ್ಮೆ, ಅತ್ತಿಗೆಯನ್ನೊಮ್ಮೆ ನೋಡಿದರು. ಚಪ್ಪಲಿ ಬಿಟ್ಟು, ಎಣ್ಣೆ ಬಿದ್ದ ನೆಲದಲ್ಲೇ ಅತ್ತಿಗೆಯ ಪಕ್ಕ ಕೂತು ಬೆನ್ನ ಮೇಲೆ ಕೈಯಿಟ್ಟರು. ಉಳಿದವರೂ ಒಬ್ಬೊಬ್ಬರಾಗಿ ಸುತ್ತ ಕೂತರು. ನಾನು ಇಂಜಿನ್ ಆಫ್ ಮಾಡಿ ಅವರ ಜೊತೆ ಹೋಗಿ ಕೂತೆ.