ನೋವಿಲ್ಲ ಎಂದವರನ್ನು ನಂಬದ ಲೀಲಾವತಿ ಸಿಸ್ಟರ್

ಲೀಲಾವತಿ ಸಿಸ್ಟರ್ ಹೆಂಗಸರ ಹೆಸರು ಕೇಳುವ ಮೊದಲೇ ಮುಟ್ಟಾದ ತಾರೀಕು ಕೇಳುತ್ತಿದ್ದರು. ಕಕ್ಕಬೆ ಕಡೆಯ ಕಾಫಿ ಎಸ್ಟೇಟುಗಳಲ್ಲಿ ಕೂಲಿಯವರು ಸಾಲಾಗಿ ವಾಸಿಸುವ ಲೈನ್ ಮನೆಗಳಲ್ಲಿ ಇದೊಂದು ತಮಾಷೆಯಾಗಿತ್ತು. ಅವರ ಬಿಳಿ ಸೀರೆ ತಿರುವಿನಲ್ಲಿ ಕಂಡದ್ದೇ ತಡ, ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗಿನ ಹೆಂಗಸರು "ತಾರೀಕಮ್ಮ ಬಂದ್ರು" ಎಂದು ನಗುತ್ತಿದ್ದರು. ಸಿಸ್ಟರಿಗೂ ಅದು ಗೊತ್ತಿತ್ತು. "ನಗ್ಲಿ ಮಾರಾಯ್ತಿ. ತಾರೀಕು ಹೇಳಿ ನಗ್ಲಿ" ಅನ್ನುತ್ತಿದ್ದರು.

ನಾನು ಕುಶಾಲನಗರದ ಹತ್ತಿರ ಶುಂಠಿ ಬೆಳೆಯುವ ಮನೆಯವಳು. ನರ್ಸಿಂಗ್ ಮುಗಿಸಿ ಕಕ್ಕಬೆಯ ಆರೋಗ್ಯ ಕೇಂದ್ರಕ್ಕೆ ಸೇರಿದಾಗ ನನಗೆ ಇಪ್ಪತ್ಮೂರು, ಅವರಿಗೆ ಐವತ್ತು ದಾಟಿತ್ತು. ಎತ್ತರದ ಒಣಕಲು ಹೆಂಗಸು. ಎಸ್ಟೇಟಿನ ಏರು ಹತ್ತುವಾಗ ಮಾತೆಲ್ಲ ಅವರದು, ಏದುಸಿರು ಮಾತ್ರ ನನ್ನದು. ಮೊದಲ ವಾರವೇ ಒಬ್ಬಳ ಕಾರ್ಡಿನಲ್ಲಿ ನಾನು "ನೋವಿಲ್ಲ, ತೊಂದರೆಯಿಲ್ಲ" ಎಂದು ಬರೆದದ್ದನ್ನು ನೋಡಿ ದಾರಿಯಲ್ಲೇ ನಿಂತುಬಿಟ್ಟರು.

"ಮುಟ್ಟಾಗಿ ಹದಿನೈದು ದಿನ ಕಳೆದ ಮೇಲೆ ಒಳಗಿನ ಹಾರ್ಮೋನು ಬದಲಾಗ್ತದೆ. ಗರ್ಭ ನಿಲ್ಬಹುದು ಅಂತ ಕಾಯ್ತದೆ ಮೈ. ಮಗು ಅಂದ್ರೆ ಅರ್ಧ ಹೊರಗಿನದ್ದು ಅಲ್ವಾ? ಅದರ ಮೇಲೆ ಬೀಳ್ಬಾರ್ದು ಅಂತ ಅಲ್ಲಿಯ ಕಾವಲನ್ನ ಸ್ವಲ್ಪ ಸುಮ್ಮನಿರಿಸ್ತದೆ. ಆ ಹೊತ್ತಲ್ಲಿ ರೋಗಾಣು ಒಳಗೆ ಬಂದ್ರೆ ಶುರುವಿಗೆ ಗಲಾಟೆನೇ ಇಲ್ಲ. ಜ್ವರ ಇಲ್ಲ, ನೋವಿಲ್ಲ. ಮೆಲ್ಲ ಮೇಲೆ ಹತ್ತಿ ಗರ್ಭನಳಿಕೆಯಲ್ಲಿ ಕೂರ್ತದೆ. ಎಲ್ಲರಿಗೂ ಹೀಗೇ ಅಂತಲ್ಲ. ಆದ್ರೆ ನೋವಿಲ್ಲ ಅಂದ ಕೂಡ್ಲೆ ತೊಂದರೆ ಇಲ್ಲ ಅಂತ ಬರೀಬೇಡ."

ಇದನ್ನು ಅವರು ಮೈಸೂರಿನ ಒಂದು ತರಬೇತಿಯಲ್ಲಿ ಕೇಳಿದ್ದರಂತೆ, ಮದುವೆಯಾಗಿ ಹತ್ತು ವರ್ಷದ ಮೇಲೆ. ಅಷ್ಟರಲ್ಲಿ ಅವರ ಎರಡೂ ಗರ್ಭನಳಿಕೆಗಳು ಮುಚ್ಚಿಹೋಗಿದ್ದವು, ಗಂಡ ಬೇರೆ ಮದುವೆಯಾಗಿದ್ದ. "ಒಂದು ದಿನ ಹೊಟ್ಟೆನೋವು ಬಂದಿದ್ರೆ ಸಾಕಿತ್ತು ನಂಗೆ" ಎಂದು ಬಸ್ಸಿಗೆ ಕಾಯುತ್ತಾ ಒಮ್ಮೆ ಹೇಳಿದರು. ಆಮೇಲೆ ಆ ಮಾತು ಎತ್ತಲಿಲ್ಲ.

ಸೆಲ್ವಿ ಎಂಬ ಹುಡುಗಿ ಮದುವೆಯಾಗಿ ಲೈನಿಗೆ ಬಂದು ನಾಲ್ಕೈದು ತಿಂಗಳಾಗಿತ್ತು. ಸಿಸ್ಟರ್ ತಾರೀಕು ಕೇಳಿದರು, ಇಪ್ಪತ್ತೆರಡನೇ ದಿನ. ಸ್ವಲ್ಪ ಬಿಳಿ ಹೋಗುತ್ತದೆ ಎಂಬುದು ಬಿಟ್ಟರೆ ಅವಳಿಗೆ ಏನೂ ಇರಲಿಲ್ಲ. ಆದರೂ ಪರೀಕ್ಷೆಗೆ ಕಳಿಸಿದರು. ಎಂಟು ದಿನಕ್ಕೆ ರಿಪೋರ್ಟ್ ಬಂತು, ಗಂಡ ಹೆಂಡತಿಯ ಕೂಟದಿಂದ ಹರಡುವ ಸೋಂಕು ಇತ್ತು. ಅಂದು ಸಿಸ್ಟರಿಗೆ ಜ್ವರ. ಮಾತ್ರೆಗಳನ್ನು ನನ್ನ ಕೈಗೆ ಕೊಟ್ಟು, "ಗಂಡ ಹೆಂಡತಿ ಇಬ್ರೂ ನಿನ್ನ ಎದುರೇ ನುಂಗ್ಬೇಕು. ಅಂವ ಬಿಟ್ರೆ ಅವಳಿಗೆ ಮತ್ತೆ ಬರ್ತದೆ" ಎಂದರು.

ಗಂಡ ಲಾರಿ ಜೊತೆ ಹೋಗಿದ್ದ. ಸೆಲ್ವಿ ತನ್ನದನ್ನು ನುಂಗಿದಳು. ಅವನ ಮಾತ್ರೆಗಳನ್ನು ಅಂಗೈಯಲ್ಲಿ ಹಿಡಿದು, "ಯಾಕೆ ಅಂತ ಕೇಳಿದ್ರೆ ಏನಂತ ಹೇಳ್ಲಿ ಅಕ್ಕ?" ಎಂದಳು. ಹೆದರಿದ್ದಳು. ನನಗೆ ಬಸ್ಸಿನ ಹೊತ್ತಾಗಿತ್ತು. "ಶಕ್ತಿ ಮಾತ್ರೆ ಅನ್ನು" ಎಂದು ಹೇಳಿ ಇಳಿದುಬಂದೆ.

ಮರುದಿನ ಸಿಸ್ಟರ್ ಕೇಳಿದರು. "ಅಂವ ನುಂಗಿದ್ನಾ?"

"ನುಂಗಿದ ಸಿಸ್ಟರ್."

ಮುಂದಿನ ವರ್ಷದ ಪಿಕ್ಕಿಂಗಿನಲ್ಲಿ ಒಂದು ಬೆಳಿಗ್ಗೆ ಸೆಲ್ವಿ ಗಿಡಗಳ ನಡುವೆ ಕುಸಿದಳು. ಗರ್ಭವು ನಳಿಕೆಯಲ್ಲೇ ನಿಂತು, ನಳಿಕೆ ಒಡೆದಿತ್ತು. ಜೀಪು ವಿರಾಜಪೇಟೆ ಆಸ್ಪತ್ರೆ ಮುಟ್ಟುವ ಮೊದಲೇ, ಸಿಸ್ಟರ್ ಮಡಿಲಲ್ಲಿ ತಲೆಯಿಟ್ಟುಕೊಂಡೇ ಹೋದಳು.

ಅವನು ಆ ಮಾತ್ರೆ ನುಂಗಿದನೋ ಇಲ್ಲವೋ ನನಗೆ ಗೊತ್ತಾಗಲೇ ಇಲ್ಲ. ನನ್ನ ಎದುರೇ ನುಂಗಿಸಿದ್ದರೆ ಅವಳು ಉಳಿಯುತ್ತಿದ್ದಳೇ? ಯಾರೂ ಹೇಳಲಾರರು. ನಳಿಕೆ ಮೊದಲೇ ಕೆಟ್ಟಿರಬಹುದು. ಆದರೆ ಸಿಸ್ಟರ್ ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡರು. "ರಿಪೋರ್ಟಿಗೆ ಕಾಯ್ಬಾರ್ದಿತ್ತು ನಾನು. ಎಂಟು ದಿನ ಸುಮ್ನೆ ಕೂತೆ" ಎಂದು ಊಟದ ಹೊತ್ತಿನಲ್ಲಿ, ದಾರಿಯಲ್ಲಿ, ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ಕುಳಿತಾಗಲೂ ಹೇಳಿದರು. ನಾನು ಪಕ್ಕದಲ್ಲೇ ಇದ್ದೆ.

ಅವರನ್ನು ಕಡೆಗೆ ನೋಡಿದ್ದು ಹುದಿಕೇರಿಯಲ್ಲಿ, ಅವರ ತಂಗಿಯ ಮನೆಯಲ್ಲಿ. ಹೃದಯ ದುರ್ಬಲವಾಗಿತ್ತು, ಪಾದಗಳು ಊದಿದ್ದವು. ಕುಶಲ ಕೇಳಿದ ಮೇಲೆ "ಆ ಎಂಟು ದಿನ..." ಎಂದು ಶುರುಮಾಡಿದರು. ನನಗೆ ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ.

ಅವರು ಬೈಯಲಿಲ್ಲ. "ಆರು ವರ್ಷ ಆಯ್ತು. ನಿನ್ನ ಎದುರೇ ಹೇಳ್ಕೊಂಡು ಕೂತಿದ್ದೆನಲ್ಲ ನಾನು" ಎಂದರು. ಆಮೇಲೆ ಗೋಡೆ ಹಿಡಿದು ಎದ್ದು, "ಊಟ ಮಾಡ್ಕೊಂಡು ಹೋಗು" ಎಂದು ಒಳಗೆ ಹೋದರು. ಬಡಿಸಿದ್ದು ತಂಗಿ. ನಾನು ಹೊರಡುವವರೆಗೂ ಸಿಸ್ಟರ್ ಹೊರಗೆ ಬರಲಿಲ್ಲ.

ಎರಡು ವಾರದ ಮೇಲೆ ತಂಗಿ ಫೋನ್ ಮಾಡಿ ಸಾವಿನ ಸುದ್ದಿ ಹೇಳಿದರು. ಕೇಳಬಾರದಿತ್ತು, ಕೇಳಿದೆ. "ನನ್ನ ವಿಷಯ ಏನಾದ್ರೂ ಹೇಳಿದ್ರಾ?"

"ಇಲ್ಲವಲ್ಲ," ಎಂದರು ಅವರು. "ಏನು ಹೇಳ್ಬೇಕಿತ್ತು?"